ನಾಯಿಗೆ ಕಲಿಸುವಾಗ ಕೈಯಲ್ಲಿ ಯಾವ ತಿನಿಸು ಇರಬೇಕು?

ಮುಂಬೈಯಲ್ಲಿ ನಾಯಿ ಸಾಕಿರುವ ಕನ್ನಡಿಗರ ಮನೆಗಳಲ್ಲಿ ನಾನು ಹೆಚ್ಚಾಗಿ ಕೇಳುವ ದೂರು ಒಂದೇ. ಮನೆಯೊಳಗೆ ಹೇಳಿದ್ದೆಲ್ಲವನ್ನೂ ಕೇಳುವ ನಾಯಿ, ಲಿಫ್ಟ್ ಇಳಿದು ಸೊಸೈಟಿಯ ಗೇಟು ದಾಟಿದ ಮೇಲೆ ಹೆಸರು ಹಿಡಿದು ಕೂಗಿದರೂ ತಿರುಗಿ ನೋಡುವುದಿಲ್ಲ. ಡೊಂಬಿವಲಿ, ಥಾಣೆ, ಮಾಟುಂಗಾ, ಎಲ್ಲಿ ಹೋದರೂ ಇದೇ ಮಾತು. ಅವರ ಕೈಯಲ್ಲಿ ಏನಿದೆ ಎಂದು ನೋಡಿದರೆ ಬಹುತೇಕ ಗ್ಲೂಕೋಸ್ ಬಿಸ್ಕತ್ತು. ಕುಳಿತರೂ ಅದೇ, ಸ್ನಾನ ಮಾಡಿಸಿಕೊಂಡರೂ ಅದೇ, ಮನೆಗೆ ಬಂದ ನೆಂಟರು ಕೊಡುವುದೂ ಅದೇ. ಹೊರಗೆ ಮೀನಿನ ಬುಟ್ಟಿಯ ವಾಸನೆ, ಗೋಡೆಯ ಮೇಲಿನ ಬೆಕ್ಕು, ಪಕ್ಕದ ಕಟ್ಟಡದ ನಾಯಿ, ಇವೆಲ್ಲ ಒಟ್ಟಿಗೆ ಕರೆಯುತ್ತಿರುವಾಗ, ಬೆಳಗಿನಿಂದ ನಾಲ್ಕು ಸಲ ತಿಂದ ಬಿಸ್ಕತ್ತಿಗಾಗಿ ನಾಯಿ ಓಡಿ ಬರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಬಾರದಿದ್ದಾಗ ಅದಕ್ಕೆ ಹಟಮಾರಿ ಎಂಬ ಹೆಸರು.

ಯಾವುದು ಬಹುಮಾನ ಎಂಬುದನ್ನು ನಾಯಿಯ ಆಯ್ಕೆಗೆ ಬಿಡಬೇಕು. ಯಾವುದು ಅದರ ದೇಹಕ್ಕೆ ಕೇಡು ಮಾಡುವುದಿಲ್ಲ, ಎಷ್ಟು ಕೊಡಬಹುದು, ಎಲ್ಲಿ ಯಾವುದನ್ನು ಕೊಡಬೇಕು ಎಂಬುದು ನಮ್ಮ ಜವಾಬ್ದಾರಿ. ತಿನಿಸಿನ ಆಯ್ಕೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡರೆ ಕಲಿಸುವ ಕೆಲಸದ ಅರ್ಧ ಭಾಗ ಹಗುರವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು: ಕೊಡಲೇಬಾರದ ವಸ್ತುಗಳನ್ನು ಬೇರ್ಪಡಿಸಿ

ಹೊಸ ತಿನಿಸು ಹುಡುಕುವ ಮುನ್ನ ಅಡುಗೆಮನೆಯ ಡಬ್ಬಿಗಳನ್ನು ಒಮ್ಮೆ ನೋಡಿ. ನಾಯಿಗೆ ಅತ್ಯಂತ ಅಪಾಯಕಾರಿಯಾದ ಕೆಲವು ಪದಾರ್ಥಗಳು ನಮ್ಮ ಮನೆಗಳಲ್ಲಿ ಸದಾ ಇರುತ್ತವೆ.

ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೊದಲನೆಯವು. ವಿಜಯಪುರದಿಂದಲೋ ಸಾಂಗ್ಲಿಯ ತಾಸಗಾಂವದಿಂದಲೋ ಬರುವ ನೆಂಟರು ಕಿಲೋಗಟ್ಟಲೆ ಒಣದ್ರಾಕ್ಷಿ ತರುತ್ತಾರೆ, ಡಬ್ಬಿ ಟೇಬಲ್ ಮೇಲೆಯೇ ಉಳಿಯುತ್ತದೆ. ಇವು ನಾಯಿಯ ಮೂತ್ರಪಿಂಡವನ್ನು ಹಾಳುಮಾಡಬಲ್ಲವು. ಒಂದು ನಾಯಿ ಹೆಚ್ಚು ತಿಂದೂ ಪಾರಾಗಬಹುದು, ಇನ್ನೊಂದು ಸ್ವಲ್ಪವೇ ತಿಂದು ಪ್ರಾಣಾಪಾಯಕ್ಕೆ ಸಿಲುಕಬಹುದು. ಆದ್ದರಿಂದ ಇಷ್ಟು ಕೊಟ್ಟರೆ ಸುರಕ್ಷಿತ ಎಂಬ ಅಳತೆ ಇಲ್ಲ. ಕೇಸರಿಬಾತು, ಪಾಯಸ, ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಎಲ್ಲದರಲ್ಲೂ ಒಣದ್ರಾಕ್ಷಿ ಇರುತ್ತದೆ. ಪ್ರಸಾದವೆಂಬ ಭಕ್ತಿಯಿಂದ ನಾಯಿಯ ಬಾಯಿಗೂ ಒಂದು ತುತ್ತು ಇಡುವ ಹಿರಿಯರಿಗೆ ಈ ಮಾತನ್ನು ಗೌರವದಿಂದ, ಆದರೆ ಸ್ಪಷ್ಟವಾಗಿ ತಿಳಿಸಿ.

ದ್ರಾಕ್ಷಿಯಲ್ಲಿ ಈ ಕೇಡು ಮಾಡುವುದು ಟಾರ್ಟಾರಿಕ್ ಆಮ್ಲವಿರಬೇಕು ಎಂಬ ಅಭಿಪ್ರಾಯವನ್ನು ಪಶುವೈದ್ಯರು ಇತ್ತೀಚಿನ ವರ್ಷಗಳಲ್ಲಿ ಮುಂದಿಟ್ಟಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ, ಹುಣಸೆ ತಿಂದ ನಾಯಿಗಳ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳೂ 2022ರಲ್ಲಿ ವರದಿಯಾಗಿವೆ. ಸಾರು, ಹುಳಿ, ಗೊಜ್ಜು, ಪುಳಿಯೋಗರೆ ಇಲ್ಲದ ದಿನವೇ ಇಲ್ಲದ ನಮಗೆ ಇದು ನೆನಪಿನಲ್ಲಿರಬೇಕಾದ ವಿಷಯ. ಉಳಿದ ಸಾರು ಅನ್ನವನ್ನು ನಾಯಿಯ ತಟ್ಟೆಗೆ ಸುರಿಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ, ಪುಡಿಯ ರೂಪದಲ್ಲಿದ್ದರೆ ಇನ್ನೂ ಪ್ರಬಲ. ಹಾಗಾಗಿ ಮಸಾಲೆ ಹಾಕಿದ ಕೋಳಿಯ ತುಂಡನ್ನು ತೊಳೆದು ಕೊಡುವುದು, ವಡಾಪಾವಿನ ತುದಿ ಮುರಿದು ಕೊಡುವುದು ಎರಡೂ ಬೇಡ. ಚಾಕೊಲೇಟ್, ಕಾಫಿ ಪುಡಿ, ಮದ್ಯ ಬೇಡವೆಂಬುದು ಬಹುತೇಕರಿಗೆ ಗೊತ್ತು. ಕ್ಸೈಲಿಟಾಲ್ ಎಂಬ ಸಿಹಿಕಾರಕದ ಬಗ್ಗೆ ಗೊತ್ತಿರುವವರು ಕಡಿಮೆ. ಸಕ್ಕರೆರಹಿತ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಅದು ಇರುತ್ತದೆ. ನಾಯಿಯ ರಕ್ತದ ಸಕ್ಕರೆಯನ್ನು ಬೇಗನೆ ಕುಸಿಯುವಂತೆ ಮಾಡುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು. ಡಬ್ಬಿಯ ಮೇಲಿನ ಪಟ್ಟಿಯನ್ನು ಓದದೆ ಪೀನಟ್ ಬಟರ್ ಕೊಡಬೇಡಿ.

ವಿಷವಲ್ಲದಿದ್ದರೂ ಕರುಳಿಗೆ ಅಡ್ಡವಾಗುವ ವಸ್ತುಗಳಿವೆ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ. ಮಾವಿನ ಗೊರಟೆ, ಮೆಕ್ಕೆಜೋಳದ ದಂಟು ಕರುಳಿನಲ್ಲಿ ಸಿಕ್ಕಿಬೀಳುತ್ತವೆ. ಮಳೆಗಾಲದಲ್ಲಿ ಮುಂಬೈಯ ಪಾದಚಾರಿ ದಾರಿಗಳಲ್ಲಿ, ಸಮುದ್ರದ ದಂಡೆಯಲ್ಲಿ ಜನ ತಿಂದು ಎಸೆದ ಭುಟ್ಟಾದ ದಂಟುಗಳು ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಉಪ್ಪು, ಬೆಣ್ಣೆ, ನಿಂಬೆ ಹಚ್ಚಿದ ಆ ದಂಟನ್ನು ನಾಯಿ ಕ್ಷಣದಲ್ಲಿ ನುಂಗಿಬಿಡುತ್ತದೆ. ‘ಬಿಡು’ ಎಂಬ ಮಾತನ್ನು ಕಲಿಸಲು ಒಳ್ಳೆಯ ತಿನಿಸು ಏಕೆ ಬೇಕೆಂಬುದಕ್ಕೆ ಇದೊಂದೇ ಕಾರಣ ಸಾಕು.

ತಿನ್ನಬಾರದ್ದನ್ನು ತಿಂದಿದೆ ಎಂದು ತಿಳಿದರೆ ಲಕ್ಷಣಗಳಿಗಾಗಿ ಕಾಯಬೇಡಿ. ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದಿತು ಎಂಬುದನ್ನು ಬರೆದುಕೊಂಡು, ಹೊದಿಕೆಯ ಕಾಗದವಿದ್ದರೆ ಕೈಯಲ್ಲಿ ಹಿಡಿದುಕೊಂಡು ಕೂಡಲೇ ಪಶುವೈದ್ಯರ ಬಳಿ ಹೊರಡಿ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ, ಆ ಉಪ್ಪೇ ಇನ್ನೊಂದು ವಿಷವಾಗುತ್ತದೆ. ನಿಮ್ಮ ಬಡಾವಣೆಯಲ್ಲಿ ರಾತ್ರಿ ತೆರೆದಿರುವ ಪಶು ಚಿಕಿತ್ಸಾಲಯ ಯಾವುದು ಎಂಬುದನ್ನು ಇವತ್ತೇ ವಿಚಾರಿಸಿ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಎರಡನೆಯದು: ನಾಯಿಯನ್ನೇ ಕೇಳಿ

ಕೋಳಿ ಎಂದರೆ ಎಲ್ಲ ನಾಯಿಗಳಿಗೂ ಪ್ರಾಣ ಎಂದು ಭಾವಿಸುವುದು ಸುಲಭ. ಆದರೆ ಪನೀರಿಗಾಗಿ ಕೋಳಿಯನ್ನು ಬಿಡುವ ನಾಯಿಗಳಿವೆ, ಎರಡನ್ನೂ ಬಿಟ್ಟು ಸೌತೆಕಾಯಿಯ ಕರುಂ ಎನ್ನುವ ಸದ್ದಿಗೆ ಮರುಳಾಗುವ ನಾಯಿಗಳಿವೆ. ನಿಮ್ಮ ನಾಯಿಯ ಇಷ್ಟವನ್ನು ತಿಳಿಯಲು ಒಂದು ಸರಳ ಪರೀಕ್ಷೆ ಸಾಕು.

ಊಟವಾಗಿ ಮೂರು ನಾಲ್ಕು ಗಂಟೆ ಕಳೆದ ಹೊತ್ತನ್ನು ಆರಿಸಿಕೊಳ್ಳಿ. ಟಿವಿ ಆರಿಸಿ, ಮಕ್ಕಳನ್ನು ಒಳಗೆ ಕಳುಹಿಸಿ. ಎರಡು ಬಗೆಯ ತಿನಿಸಿನ ಒಂದೊಂದು ತುಣುಕನ್ನು ನಾಯಿಗೆ ತಿನ್ನಿಸಿ ರುಚಿ ತೋರಿಸಿ. ಅನಂತರ ಒಂದೊಂದನ್ನು ಒಂದೊಂದು ಮುಷ್ಟಿಯಲ್ಲಿ ಮುಚ್ಚಿ, ಎರಡೂ ಕೈಗಳನ್ನು ನಾಯಿಯ ಮೂತಿಯಿಂದ ಸಮದೂರದಲ್ಲಿ ಹಿಡಿಯಿರಿ. ಅದು ಎರಡನ್ನೂ ಮೂಸುತ್ತದೆ. ಯಾವ ಮುಷ್ಟಿಯ ಬಳಿ ನಿಂತು ನೆಕ್ಕುತ್ತದೆಯೋ, ಕಾಲಿನಿಂದ ಕೆರೆಯುತ್ತದೆಯೋ ಆ ಕೈ ತೆರೆದು ಕೊಡಿ. ಮುಂದಿನ ಸಲ ಕೈ ಬದಲಿಸಿ, ಏಕೆಂದರೆ ಕೆಲವು ನಾಯಿಗಳಿಗೆ ತಿನಿಸಿಗಿಂತ ಎಡ ಅಥವಾ ಬಲದ ಅಭ್ಯಾಸವೇ ದೊಡ್ಡದು. ಏಳೆಂಟು ಬಾರಿ ಹೀಗೆ ಮಾಡಿದರೆ ಒಲವು ಎತ್ತ ಕಡೆ ಎಂಬುದು ಕಾಣುತ್ತದೆ. ಗೆದ್ದ ತಿನಿಸನ್ನು ಮರುದಿನ ಮೂರನೆಯದರ ಎದುರು ನಿಲ್ಲಿಸಿ. ಒಂದು ವಾರದಲ್ಲಿ ನಿಮ್ಮ ಕೈಯಲ್ಲಿ ಐದಾರು ತಿನಿಸುಗಳ ಶ್ರೇಣಿ ಇರುತ್ತದೆ. ಅದನ್ನು ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಮನೆಯವರೆಲ್ಲರೂ ಅದರಂತೆ ನಡೆಯಲಿ.

ಹೊಸ ತಿನಿಸುಗಳನ್ನು ಒಟ್ಟಿಗೆ ಪರಿಚಯಿಸಬೇಡಿ. ಒಂದನ್ನು ಕೊಟ್ಟು ಒಂದೆರಡು ದಿನ ಮಲ ಹೇಗಿದೆ, ಕಿವಿ ಪಾದಗಳನ್ನು ಕೆರೆದುಕೊಳ್ಳುತ್ತಿದೆಯೇ ಎಂದು ಗಮನಿಸಿ. ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗಿ ಕಂಡುಬಂದಿರುವವು ದನದ ಮಾಂಸ, ಹಾಲಿನ ಪದಾರ್ಥಗಳು, ಕೋಳಿ ಮತ್ತು ಗೋಧಿ. ಒಂದೇ ದಿನ ಕೋಳಿ, ಪನೀರು, ಬಿಸ್ಕತ್ತು ಮೂರನ್ನೂ ಕೊಟ್ಟು ಮೈಯೆಲ್ಲ ಕೆಂಪಾದರೆ ಯಾವುದನ್ನು ದೂರುವುದು?

ತಳಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಲ್ಯಾಬ್ರಡಾರ್ ಸಾಕಿದವರಿಗೆ ತಿನಿಸಿನ ಆಯ್ಕೆ ಕಷ್ಟವಲ್ಲ, ಅಳತೆಯೇ ಕಷ್ಟ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಹಸಿವನ್ನು ಹೆಚ್ಚಿಸುವ ಜೀನ್ ಬದಲಾವಣೆ ಇದೆಯೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ನಾಯಿಯ ಕಣ್ಣಿನ ಬೇಡಿಕೆಗೆ ಕರಗುವವರು ಇದನ್ನು ನೆನಪಿಡಿ. ನಮ್ಮ ಮುಧೋಳದ ನಾಯಿ, ಮಹಾರಾಷ್ಟ್ರದಲ್ಲಿ ಕರವಾನಿ ಎಂದು ಕರೆಯುವ ಅದೇ ಬಗೆಯ ನಾಯಿ, ಇದಕ್ಕೆ ವಿರುದ್ಧ. ದೂರದಲ್ಲಿ ಓಡುವುದನ್ನು ಕಣ್ಣಿನಿಂದ ಹಿಡಿದು ಬೆನ್ನಟ್ಟಲು ಹುಟ್ಟಿದ ನಾಯಿ ಅದು. ಎಷ್ಟೋ ಸಲ ತಿನಿಸಿಗಿಂತ ಓಟವೇ ಅದಕ್ಕೆ ಪ್ರಿಯ. ಅಂಥ ನಾಯಿಗೆ ತುಣುಕನ್ನು ಬಾಯಿಗಿಡದೆ ನೆಲದ ಮೇಲೆ ಉರುಳಿಸಿ, ಬೆನ್ನಟ್ಟಿ ಹಿಡಿದು ತಿನ್ನಲಿ. ಅದೇ ಪನೀರು, ಅದೇ ಕೋಳಿ, ಆದರೆ ಬೆಲೆ ಹೆಚ್ಚುತ್ತದೆ.

ಮೂರನೆಯದು: ಜಾಗಕ್ಕೆ ತಕ್ಕಂತೆ ಹಂಚಿ

ಶ್ರೇಣಿ ಸಿಕ್ಕಿದ ಮೇಲೆ ಅತಿ ಇಷ್ಟದ್ದನ್ನು ಮನೆಯಲ್ಲೇ ಖರ್ಚು ಮಾಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಮನೆಯೊಳಗೆ ಗದ್ದಲವಿಲ್ಲ, ಸೆಳೆತವಿಲ್ಲ. ಅಲ್ಲಿ ಕುಳಿತುಕೊಳ್ಳುವುದು, ಮಲಗುವುದು, ಕಾಯುವುದು ಇವನ್ನು ಕಲಿಸಲು ಶ್ರೇಣಿಯ ಕೆಳಗಿನ ತಿನಿಸು ಸಾಕು. ನಿತ್ಯ ತಿನ್ನುವ ಪ್ಯಾಕೆಟ್ ಆಹಾರದ ಕಾಳುಗಳೇ ಸಾಕಾಗಬಹುದು, ಮರಿಗಳಿಗಂತೂ ಅವೇ ಉತ್ತಮ.

ಬಾಗಿಲಾಚೆಯ ಮೊಗಸಾಲೆ, ಮೆಟ್ಟಿಲು, ಲಿಫ್ಟ್ ಎರಡನೆಯ ಹಂತ. ಮುಂಬೈಯ ಲಿಫ್ಟನ್ನು ಹಗುರವಾಗಿ ಎಣಿಸಬೇಡಿ. ಕಿರಿದಾದ ಪೆಟ್ಟಿಗೆ, ಅಲುಗಾಟ, ಬಾಗಿಲು ತೆರೆದಾಗ ಎದುರಿಗೇ ನಿಂತ ಅಪರಿಚಿತರು, ಕೆಲವೊಮ್ಮೆ ಇನ್ನೊಂದು ನಾಯಿ. ಲಿಫ್ಟಿನ ಮೂಲೆಯಲ್ಲಿ ನಿಮ್ಮ ಕಡೆ ಮುಖ ಮಾಡಿ ಕುಳಿತಿರಲು ಕಲಿಸುವಾಗ ಮಧ್ಯಮ ದರ್ಜೆಯ ತಿನಿಸು ಬೇಕು: ಮೊಟ್ಟೆಯ ಬಿಳಿ, ಸಣ್ಣ ಪನೀರು ತುಣುಕು. ಬಾಗಿಲು ತೆರೆಯುವ ಮುನ್ನವೇ ಕೊಡಲು ಆರಂಭಿಸಿ. ಹೊರಗಿನವರು ಒಳಬರುವಾಗ ನಾಯಿಯ ಗಮನ ನಿಮ್ಮ ಕೈಯಲ್ಲಿರುತ್ತದೆ, ಅವರ ಚೀಲದಲ್ಲಿರುವುದಿಲ್ಲ.

ರಸ್ತೆ, ಉದ್ಯಾನ, ಕಡಲದಂಡೆ ಮೂರನೆಯ ಹಂತ. ಇಲ್ಲಿ ಶ್ರೇಣಿಯ ಮೇಲಿನ ಎರಡು ತಿನಿಸುಗಳು ಮಾತ್ರ ಕೆಲಸ ಮಾಡುತ್ತವೆ. ಜುಹೂವಿನಲ್ಲೋ ವರ್ಸೋವಾದಲ್ಲೋ ಸಮುದ್ರ ತಂದುಹಾಕಿದ ಕೊಳೆತ ಮೀನಿನಿಂದ ನಾಯಿಯ ಮೂಗನ್ನು ಬಿಡಿಸಲು ಒಣಗಿದ ಬಿಸ್ಕತ್ತಿನಿಂದ ಆಗುವುದಿಲ್ಲ.

ಎಲ್ಲಕ್ಕಿಂತ ಮೇಲಿನ ಒಂದನ್ನು ‘ಬಾ’ ಎಂಬ ಕರೆಗೆ ಮಾತ್ರ ಮೀಸಲಿಡಿ. ಬೇರೆ ಯಾವ ಕಾರಣಕ್ಕೂ, ಹುಟ್ಟುಹಬ್ಬಕ್ಕೂ ಅದು ಸಿಗಬಾರದು. ತೆರೆದ ಗೇಟಿನಿಂದ ಹೆದ್ದಾರಿಯ ಕಡೆ ಓಡುವ ನಾಯಿಯನ್ನು ಒಂದೇ ಕೂಗಿಗೆ ತಿರುಗಿಸುವ ಶಕ್ತಿ ಆ ಮೀಸಲಿನಿಂದ ಬರುತ್ತದೆ.

ಹೊರಗೆ ಬೀದಿನಾಯಿಗಳೂ ಇರುತ್ತವೆ. ಅವು ಹತ್ತಿರದಲ್ಲಿರುವಾಗ ತಿನಿಸು ತೆಗೆಯಬೇಡಿ, ನೆಲಕ್ಕೆ ಚೆಲ್ಲಲೇಬೇಡಿ. ವಾಸನೆಗೆ ಬಂದ ನಾಯಿಗಳ ನಡುವೆ ಒಂದು ತುಣುಕು ಬಿದ್ದರೂ ಜಗಳ ಹತ್ತುತ್ತದೆ, ಮಧ್ಯೆ ಸಿಕ್ಕವರಿಗೆ ಕಚ್ಚು ಬೀಳುತ್ತದೆ.

ನಾಲ್ಕನೆಯದು: ತುಣುಕು ಚಿಕ್ಕದಾಗಿರಲಿ, ಮೆತ್ತಗಿರಲಿ, ವಾಸನೆ ಇರಲಿ

ನೆನೆಸಿದ ಕಡಲೆಕಾಳಿನಷ್ಟು ಗಾತ್ರ ಮಧ್ಯಮ ನಾಯಿಗೆ ಸಾಕು, ಪಗ್ ಅಥವಾ ಪಾಮೇರಿಯನ್ ಆದರೆ ಅದರರ್ಧ. ನಾಯಿ ಒಂದೇ ಕ್ಷಣದಲ್ಲಿ ನುಂಗಿ ಮತ್ತೆ ನಿಮ್ಮ ಮುಖ ನೋಡಬೇಕು. ಗಟ್ಟಿ ಬಿಸ್ಕತ್ತನ್ನು ಅಗಿಯುತ್ತ, ಉದುರಿದ ಪುಡಿಯನ್ನು ನೆಲದಲ್ಲಿ ಹುಡುಕುತ್ತ ಅರ್ಧ ನಿಮಿಷ ಕಳೆದರೆ ಯಾವುದಕ್ಕೆ ಸಿಕ್ಕಿತು ಎಂಬುದೇ ಅದಕ್ಕೆ ಮರೆತುಹೋಗುತ್ತದೆ. ದೊಡ್ಡ ತುಂಡು ಒಂದಕ್ಕಿಂತ ಚಿಕ್ಕ ತುಣುಕುಗಳು ಐದು ಕೊಟ್ಟರೆ ಐದು ಸಲ ಕಲಿಸಿದಂತೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಕೋಳಿಗೆ ವಾಸನೆ ಕಡಿಮೆ. ಹೊರಡುವ ಮುನ್ನ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ.

ಐದನೆಯದು: ನಿಮ್ಮ ಅಡುಗೆಮನೆಯಿಂದಲೇ ತಯಾರಿಸಿ

ಮಾಂಸ ತರದ ಮನೆಯವರು ನಾಯಿಗೆ ಕಲಿಸುವುದು ಕಷ್ಟವೆಂದು ಮೊದಲೇ ಸೋಲೊಪ್ಪಿಕೊಳ್ಳುತ್ತಾರೆ. ಹಾಗೇನೂ ಇಲ್ಲ. ಉತ್ತರ ಕರ್ನಾಟಕದವರ ಮನೆಯಲ್ಲಿ ಖಡಕ್ ಜೋಳದ ರೊಟ್ಟಿ ಇದ್ದೇ ಇರುತ್ತದೆ. ಉಪ್ಪಿಲ್ಲದ ರೊಟ್ಟಿಯನ್ನು ಚೂರು ಮಾಡಿಟ್ಟರೆ ಮನೆಯೊಳಗಿನ ಪಾಠಕ್ಕೆ ಅಂಗಡಿಯ ಯಾವ ಬಿಸ್ಕತ್ತೂ ಸಾಟಿಯಿಲ್ಲ. ಸಕ್ಕರೆ ಇಲ್ಲ, ಮೈದಾ ಇಲ್ಲ, ಒಣಗಿದ್ದರೆ ಬೇಗ ಕೆಡುವುದೂ ಇಲ್ಲ. ಉಪ್ಪು ಖಾರ ಹಾಕದ ಚುರುಮುರಿ ತೀರ ಹಗುರ, ತೂಕ ಇಳಿಸಬೇಕಾದ ನಾಯಿಗೆ ಒಂದೊಂದೇ ಕಾಳನ್ನು ಕೊಡುತ್ತ ಹೋಗಬಹುದು. ಕ್ಯಾರೆಟ್, ಸೌತೆ, ಬೀನ್ಸ್, ಬೀಜ ತೆಗೆದ ಸೇಬು ಮತ್ತು ಕಲ್ಲಂಗಡಿ ಕೂಡ ಕೆಳದರ್ಜೆಯ ಬಹುಮಾನಕ್ಕೆ ಒಳ್ಳೆಯವು. ಗೆಣಸನ್ನು ಬೇಯಿಸಿ ತೆಳುವಾಗಿ ಹೆಚ್ಚಿ, ತವೆಯ ಮೇಲೆ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ತೇವ ಆರುವವರೆಗೆ ಬಾಡಿಸಿದರೆ ಸಿಹಿಯಾದ, ರಬ್ಬರಿನಂತೆ ಬಾಗುವ ತುಣುಕುಗಳಾಗುತ್ತವೆ. ಬಹಳ ನಾಯಿಗಳು ಇದನ್ನು ಮಧ್ಯಮ ದರ್ಜೆಯಲ್ಲಿ ಇಡುತ್ತವೆ.

ಮೇಲ್ದರ್ಜೆಗೆ ಪನೀರು. ವಯಸ್ಕ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕಡಿಮೆ, ಹಾಲು ಕುಡಿಸಿದರೆ ಭೇದಿಯಾಗುತ್ತದೆ. ಪನೀರು ಮಾಡುವಾಗ ಆ ಸಕ್ಕರೆಯ ಹೆಚ್ಚಿನ ಭಾಗ ನೀರಿನೊಡನೆ ಬಸಿದು ಹೋಗುವುದರಿಂದ ಅದು ಹೊಟ್ಟೆಗೆ ಒಗ್ಗುತ್ತದೆ. ಆದರೆ ಕೊಬ್ಬು ಹೆಚ್ಚು. ಮನೆಯಲ್ಲಿ ಕೆನೆ ತೆಗೆದ ಹಾಲಿನಿಂದ ಮಾಡಿಕೊಂಡರೆ ಒಳ್ಳೆಯದು. ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಬಂದ ನಾಯಿಗೆ ಪನೀರು, ಚೀಸ್, ಬೆಣ್ಣೆ ಯಾವುದೂ ಬೇಡ. ಸಂಸ್ಕರಿಸಿದ ಚೀಸ್ ಕ್ಯೂಬುಗಳಲ್ಲಿ ಉಪ್ಪು ಬಹಳ. ಔಷಧಿಯ ಮಾತ್ರೆ ಮುಚ್ಚಿಕೊಡಲು ಸರಿ, ದಿನನಿತ್ಯದ ಪಾಠಕ್ಕೆ ಬೇಡ.

ಮೊಟ್ಟೆ, ಮಾಂಸ ಬಳಸುವ ಮನೆಯಲ್ಲಿ ಎಲುಬಿಲ್ಲದ ಕೋಳಿಯ ಎದೆಭಾಗವನ್ನು ಬರಿ ನೀರಿನಲ್ಲಿ ಬೇಯಿಸಿ. ಮನೆಯವರ ಪದಾರ್ಥಕ್ಕೆ ಮಸಾಲೆ ಬೀಳುವ ಮುನ್ನವೇ ನಾಯಿಯ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಟ್ಟರೆ ಪ್ರತ್ಯೇಕ ಶ್ರಮವಿಲ್ಲ. ಆರಿದ ಮೇಲೆ ಎಳೆ ಎಳೆಯಾಗಿ ಬಿಡಿಸದೆ ಚಾಕುವಿನಿಂದ ಚೌಕವಾಗಿ ಹೆಚ್ಚಿ. ಎಳೆಗಳು ಬೆರಳಿಗೆ ಅಂಟುತ್ತವೆ. ಯಕೃತ್ತಿನ ವಾಸನೆಗೆ ಸೋಲದ ನಾಯಿ ಅಪರೂಪ. ಬೇಯಿಸಿ, ಸಣ್ಣದಾಗಿ ಕತ್ತರಿಸಿ, ತವೆಯ ಮೇಲೆ ಒಣಗಿಸಿ. ಆದರೆ ಅದರಲ್ಲಿ ಎ ಜೀವಸತ್ವ ತುಂಬಾ ಇರುವುದರಿಂದ ವಾರಕ್ಕೆ ಒಂದೆರಡು ದಿನ, ಸ್ವಲ್ಪವೇ ಸಾಕು. ಮೂತ್ರದಲ್ಲಿ ಯೂರಿಕ್ ಆಮ್ಲದ ಹರಳು ಕಟ್ಟುವ ಡಾಲ್ಮೇಷಿಯನ್‌ಗೆ ಯಕೃತ್ತು ಕೊಡಬೇಡಿ.

ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಒಣಮೀನು ಇರುತ್ತದೆ. ಇದರ ಘಾಟು ವಾಸನೆ ಮುಂಬೈಯ ಯಾವ ಗದ್ದಲವನ್ನೂ ಮೀರಿಸುತ್ತದೆ, ‘ಬಾ’ ಎಂಬ ಕರೆಗೆ ಮೀಸಲಿಡಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಉಪ್ಪು ಹಾಕಿ ಒಣಗಿಸಿದ್ದಾದರೆ ತೆಗೆದುಕೊಳ್ಳಬೇಡಿ. ಉಪ್ಪಿಲ್ಲದೆ ಬಿಸಿಲಿನಲ್ಲಿ ಒಣಗಿದ ಬೊಂಬಿಲ್ ಸಿಕ್ಕರೆ ಮರಳು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು, ಬೇಯಿಸಿ, ತಲೆ ಮತ್ತು ನಡುಮುಳ್ಳು ತೆಗೆದು, ಕತ್ತರಿಯಿಂದ ಚಿಕ್ಕದಾಗಿ ಕತ್ತರಿಸಿ ಒಣಗಿಸಿಕೊಳ್ಳಿ.

ಅಂಗಡಿಯ ತಿನಿಸುಗಳನ್ನು ಕೊಳ್ಳುವುದಾದರೆ ಪೊಟ್ಟಣದ ಹಿಂಬದಿ ಓದಿ. ಒಂದು ತುಂಡಿಗೆ ಎಷ್ಟು ಕ್ಯಾಲರಿ ಎಂದು ಬರೆದಿರಬೇಕು, ಮೊದಲ ಹೆಸರೇ ಸಕ್ಕರೆ ಅಥವಾ ಮೈದಾ ಆಗಿರಬಾರದು, ಕೈಯಿಂದ ಮುರಿಯಲು ಆಗಬೇಕು. ಹಲ್ಲಿಗೆಂದು ಮಾರುವ ಕಡ್ಡಿಗಳು ಕಲಿಸುವುದಕ್ಕೆ ಪ್ರಯೋಜನವಿಲ್ಲ.

ಆರನೆಯದು: ದಿನದ ಲೆಕ್ಕ ಬರೆಯಿರಿ

ಊಟದ ಹೊರಗಿನ ತಿನಿಸುಗಳು ದಿನದ ಒಟ್ಟು ಕ್ಯಾಲರಿಯ 10 ಶೇಕಡಾವನ್ನು ಮೀರಬಾರದು ಎಂಬುದು ಪಶುವೈದ್ಯರು ಹೇಳುವ ಮಿತಿ. ಫ್ಲಾಟಿನಲ್ಲಿ ಬೆಳೆದ, ಸಂತಾನಹರಣ ಚಿಕಿತ್ಸೆಯಾದ, 10 ಕಿಲೋ ತೂಗುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಬೇಕು. ಅಂದರೆ ಬಹುಮಾನದ ಪಾಲು 60. ಅಷ್ಟರಲ್ಲಿ ಬೇಯಿಸಿದ ಕೋಳಿ ಎದೆಭಾಗ ಸುಮಾರು 35 ಗ್ರಾಂ ಬರುತ್ತದೆ. ಅರ್ಧ ಗ್ರಾಮಿನ ತುಣುಕು ಮಾಡಿದರೆ 70 ತುಣುಕುಗಳು, ಒಂದು ದಿನದ ಪಾಠಕ್ಕೆ ಧಾರಾಳ. ಪನೀರಾದರೆ 20 ಗ್ರಾಂ. ಗ್ಲೂಕೋಸ್ ಬಿಸ್ಕತ್ತಾದರೆ ಮೂರೇ ಮೂರು, ಅಲ್ಲಿಗೆ ದಿನದ ಪಾಲು ಮುಗಿಯಿತು. ಬಿಸ್ಕತ್ತನ್ನು ನಾನು ಇಷ್ಟು ಬೇಡವೆನ್ನುವುದು ಇದೇ ಕಾರಣಕ್ಕೆ. ಕ್ಯಾರೆಟ್ ಆದರೆ 140 ಗ್ರಾಂಗಿಂತ ಹೆಚ್ಚು, ಅಷ್ಟನ್ನು ಯಾವ ನಾಯಿಯೂ ತಿನ್ನಬೇಕಿಲ್ಲ. 30 ಕಿಲೋ ನಾಯಿಗೆ ದಿನಕ್ಕೆ ಸುಮಾರು 1400 ಕಿಲೋಕ್ಯಾಲರಿ, ಬಹುಮಾನಕ್ಕೆ 140.

ಪ್ರತಿದಿನ ಬೆಳಿಗ್ಗೆ ಆ ದಿನದ ಪಾಲನ್ನು ತೂಗಿ ಒಂದು ಡಬ್ಬಿಗೆ ಹಾಕಿ. ಡಬ್ಬಿ ಬರಿದಾದ ಮೇಲೆ ಯಾರೂ ಏನೂ ಕೊಡುವಂತಿಲ್ಲ. ಹೆಚ್ಚು ಕಲಿಸುವ ದಿನ ಬಟ್ಟಲಿನ ಕಾಳುಗಳನ್ನೇ ಎತ್ತಿಕೊಂಡು ಬಹುಮಾನವಾಗಿ ಬಳಸಿ, ಬಟ್ಟಲಿನಲ್ಲಿ ಅಷ್ಟು ಕಡಿಮೆ ಮಾಡಿ.

ಈ ಲೆಕ್ಕವನ್ನು ಕೆಡಿಸುವವರು ಪ್ರೀತಿಯುಳ್ಳ ಜನ. ಗೇಟಿನ ವಾಚ್‌ಮನ್, ಎರಡನೇ ಮಹಡಿಯ ಅಜ್ಜಿ, ಶಾಲೆಯಿಂದ ಬರುವ ಮಕ್ಕಳು, ಎಲ್ಲರ ಕಿಸೆಯಲ್ಲೂ ಒಂದು ಬಿಸ್ಕತ್ತು. ಬೇಡ ಎಂದು ಮುಖ ಮುರಿಯುವ ಬದಲು ಅವರ ಕೈಗೇ ನಾಯಿಯ ಕಾಳುಗಳ ಪುಟ್ಟ ಡಬ್ಬಿ ಕೊಟ್ಟು, “ಅಜ್ಜೀ, ಇದರಿಂದ ಎರಡು ಕಾಳು ಕೊಡಿ, ಅವನು ಕುಳಿತ ಮೇಲೆಯೇ ಕೊಡಿ” ಎಂದು ಹೇಳಿ. ಅವರ ಪ್ರೀತಿಯೂ ಉಳಿಯುತ್ತದೆ, ನಾಯಿಗೆ ಅಪರಿಚಿತರ ಮೇಲೆ ಹಾರದಿರುವ ಪಾಠವೂ ಆಗುತ್ತದೆ.

ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹೃದ್ರೋಗ ಇರುವ ನಾಯಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಅದಕ್ಕೆ ವೈದ್ಯರು ಬರೆದುಕೊಟ್ಟ ಆಹಾರದಿಂದಲೇ ಬಹುಮಾನ ಬರಬೇಕು.

ಏಳನೆಯದು: ಸೆಕೆ ಮತ್ತು ಮಳೆಗೆ ತಯಾರಾಗಿ

ಬೇಯಿಸಿದ ಕೋಳಿ, ಮೊಟ್ಟೆ, ಪನೀರು ಫ್ರಿಜ್‌ನಲ್ಲಿ ಮೂರು ದಿನ ಇರಬಲ್ಲವು. ಹೆಚ್ಚು ಮಾಡಿದ್ದರೆ ದಿನಕ್ಕೊಂದರಂತೆ ಪುಟ್ಟ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡಿ. ಹೊರಗೆ ಒಯ್ದ ಮೇಲೆ ಎರಡು ಗಂಟೆಯ ಮಿತಿ. ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಾಂಶ 32 ಡಿಗ್ರಿ ದಾಟಿದ ದಿನಗಳಲ್ಲಿ ಒಂದೇ ಗಂಟೆ. ಮಿಕ್ಕದ್ದನ್ನು ಮತ್ತೆ ಫ್ರಿಜ್‌ಗೆ ಸೇರಿಸದೆ ಎಸೆದುಬಿಡಿ. ಸೊಂಟಕ್ಕೆ ಕಟ್ಟುವ ಚೀಲವನ್ನು ಪ್ರತಿದಿನ ತೊಳೆದು ಒಣಗಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯೇ ಒದ್ದೆ. ರೊಟ್ಟಿ ಚೂರು, ಒಣಮೀನು, ಪ್ಯಾಕೆಟ್ ಆಹಾರ ಎಲ್ಲವೂ ಮೆತ್ತಗಾಗಿ ಬೂಷ್ಟು ಹಿಡಿಯುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಒಮ್ಮೆಗೆ ವಾರಕ್ಕಾಗುವಷ್ಟೇ ತಯಾರಿಸಿ. ಶೇಂಗಾ ಮತ್ತು ಮೆಕ್ಕೆಜೋಳದ ಮೇಲೆ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಅದು ನಾಯಿಯ ಯಕೃತ್ತನ್ನು ಕೊಲ್ಲುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ನಾವು ತಿನ್ನದ ಶೇಂಗಾವನ್ನು ನಾಯಿಗೆ ಹಾಕುವ ಯೋಚನೆ ಬೇಡವೇ ಬೇಡ.

ಎಂಟನೆಯದು: ಕೊಡುವ ಕ್ಷಣ

ಎಷ್ಟೇ ಒಳ್ಳೆಯ ತಿನಿಸಾದರೂ ತಡವಾಗಿ ಕೊಟ್ಟರೆ ವ್ಯರ್ಥ. ನಾಯಿ ಕುಳಿತ ಒಂದು ಸೆಕೆಂಡಿನೊಳಗೆ ಅದಕ್ಕೆ ಸುದ್ದಿ ತಲುಪಬೇಕು. ಚೀಲ ಬಿಚ್ಚಿ ತುಣುಕು ತೆಗೆಯುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ, ಆಗ ಕೊಟ್ಟರೆ ಎದ್ದದ್ದಕ್ಕೆ ಕೊಟ್ಟಂತೆ. ಆದ್ದರಿಂದ ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ನಾನು ‘ಭೇಷ್’ ಎನ್ನುತ್ತೇನೆ. ಮೊದಲೆರಡು ದಿನ ಬೇರೇನನ್ನೂ ಕೇಳದೆ ‘ಭೇಷ್’ ಎನ್ನುವುದು, ತುಣುಕು ಕೊಡುವುದು, ಇಷ್ಟೇ. ಇವಾನ್ ಪಾವ್ಲೋವ್ ತನ್ನ ಪ್ರಯೋಗಶಾಲೆಯಲ್ಲಿ ಕಂಡದ್ದು ಇದನ್ನೇ: ಆಹಾರಕ್ಕೆ ಮುನ್ನ ಸದಾ ಕೇಳಿಬರುವ ಸದ್ದು ನಾಯಿಯ ಬಾಯಲ್ಲಿ ನೀರೂರಿಸತೊಡಗುತ್ತದೆ. ಆ ಮಾತು ಮೈಗೂಡಿದ ಮೇಲೆ, ಕುಳಿತ ಕ್ಷಣದಲ್ಲೇ ‘ಭೇಷ್’ ಎಂದರೆ ಸಾಕು, ತುಣುಕು ಎರಡು ಸೆಕೆಂಡ್ ತಡವಾದರೂ ನಡೆಯುತ್ತದೆ. ಮನೆಯವರೆಲ್ಲರೂ ಅದೇ ಮಾತನ್ನು ಬಳಸಬೇಕು.

ತಿನಿಸನ್ನು ಮೊದಲೇ ತೋರಿಸಿ ಕೆಲಸ ಮಾಡಿಸುವ ಅಭ್ಯಾಸ ಬೇಗ ಬಿಡಿ. ಆರಂಭದಲ್ಲಿ ಮೂತಿಯ ಮುಂದೆ ತುಣುಕು ಹಿಡಿದು ದಾರಿ ತೋರಿಸುವುದು ಸರಿ. ನಾಲ್ಕಾರು ಸಲದ ಮೇಲೆ ಅದೇ ಕೈಸನ್ನೆಯನ್ನು ಬರಿಗೈಯಲ್ಲಿ ಮಾಡಿ, ಬಹುಮಾನವನ್ನು ಇನ್ನೊಂದು ಕೈಯಿಂದ ಕೊಡಿ. ಇಲ್ಲದಿದ್ದರೆ ನಾಯಿ ಮೊದಲು ನಿಮ್ಮ ಕೈ ನೋಡಿ, ಏನಾದರೂ ಇದ್ದರೆ ಮಾತ್ರ ಕೇಳುವಂತಾಗುತ್ತದೆ. ಒಂದು ಪಾಠ ಚೆನ್ನಾಗಿ ಬಂದ ಮೇಲೆ ಪ್ರತಿ ಸಲ ಕೊಡಬೇಕಿಲ್ಲ. ವೇಗವಾಗಿ ಮಾಡಿದಾಗ, ಗದ್ದಲದ ನಡುವೆಯೂ ಮಾಡಿದಾಗ ಕೊಡಿ, ಉಳಿದಂತೆ ಒಂದು ಒಳ್ಳೆಯ ಮಾತು, ಕಿವಿಯ ಹಿಂದೆ ಒಂದು ಕೆರೆತ. ‘ಬಾ’ ಎಂಬ ಕರೆಗೆ ಮಾತ್ರ ಈ ಉಳಿತಾಯ ಬೇಡ, ಬಂದ ಪ್ರತಿಸಲವೂ ಕೊಡಿ.

ಬೆರಳು ಕಚ್ಚುವಂತೆ ಕಸಿಯುವ ನಾಯಿಗೆ ಅಂಗೈ ಚಪ್ಪಟೆಯಾಗಿಟ್ಟು ಕೊಡಿ. ಪಕ್ಕದಲ್ಲಿ ನಡೆಯಲು ಕಲಿಸುವಾಗ ನಿಮ್ಮ ಎಡತೊಡೆಯ ಬಳಿಯೇ ಕೊಡಿ. ಎಲ್ಲಿ ಸಿಗುತ್ತದೆಯೋ ಅಲ್ಲೇ ಅದು ನಿಲ್ಲುತ್ತದೆ.

ತಿನ್ನದೆ ಹೋದರೆ

ಮನೆಯಲ್ಲಿ ಕೋಳಿಗಾಗಿ ಕುಣಿಯುವ ನಾಯಿ ಹೊರಗೆ ಅದೇ ಕೋಳಿಯನ್ನು ಮೂಸದೆ ನಿಂತರೆ, ಬಹುತೇಕ ಸಂದರ್ಭಗಳಲ್ಲಿ ಅದು ಹೆದರಿದೆ ಅಥವಾ ಅತಿಯಾಗಿ ಕೆರಳಿದೆ. ಗಣೇಶೋತ್ಸವದ ಢೋಲ್ ತಾಶೆ, ದೀಪಾವಳಿಯ ಪಟಾಕಿ, ಮೆಟ್ರೋ ಕಾಮಗಾರಿಯ ಡ್ರಿಲ್ ಸದ್ದು, ಇವುಗಳ ನಡುವೆ ಬಾಲ ಒಳಗೆ ಮಡಚಿ ನಿಂತ ಜೀವಕ್ಕೆ ಹಸಿವೆಂಬುದೇ ಇರುವುದಿಲ್ಲ. ಬಾಯಿಗೆ ತುರುಕಬೇಡಿ, ಗದರಬೇಡಿ. ಸದ್ದಿನಿಂದ ದೂರ ಸರಿಯಿರಿ, ಅದು ತಾನಾಗಿ ತುಣುಕನ್ನು ತೆಗೆದುಕೊಳ್ಳುವಷ್ಟು ದೂರಕ್ಕೆ. ಆ ದೂರವೇ ಅಂದಿನ ಪಾಠಶಾಲೆ. ಮರುದಿನ ಎರಡು ಹೆಜ್ಜೆ ಹತ್ತಿರ ಹೋಗಲು ಪ್ರಯತ್ನಿಸಬಹುದು. ವಿಸರ್ಜನೆಯ ದಿನಗಳಲ್ಲಿ ಹೊರಗೆ ಪಾಠವೇ ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ನಾಲಗೆ ಚಾಚಿ ಏದುಸಿರು ಬಿಡುತ್ತಿರುವ ನಾಯಿಯೂ ತಿನ್ನುವುದಿಲ್ಲ, ಅದಕ್ಕೆ ಬೇಕಾದದ್ದು ನೀರು ಮತ್ತು ನೆರಳು.

ಶಾಂತವಾದ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಅತಿ ಇಷ್ಟದ ತುಣುಕನ್ನು ಮೂಸಿ ಮುಖ ತಿರುಗಿಸಿದರೆ ಮಾತ್ರ ತಿನಿಸು ಬದಲಿಸುತ್ತ ಕೂರಬೇಡಿ. ತುಟಿ ಎತ್ತಿ ಹಲ್ಲು, ವಸಡು ನೋಡಿ. ಮುರಿದ ಹಲ್ಲೋ ಬಾವೋ ಇರಬಹುದು, ವಸಡಿನ ಬಣ್ಣ ಬಿಳಿಚಿಕೊಂಡಿರಬಹುದು. ಕಿವಿಯೊಳಗೆ, ಕಾಲ್ಬೆರಳುಗಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ ಉಣ್ಣೆಹುಳುಗಳಿವೆಯೇ ಎಂದು ಹುಡುಕಿ. ಉಣ್ಣೆ ಕಡಿತದಿಂದ ಬರುವ ಜ್ವರ ಮುಂಬೈಯ ನಾಯಿಗಳಲ್ಲಿ ಸಾಮಾನ್ಯ, ಅದರ ಮೊದಲ ಲಕ್ಷಣ ಎಷ್ಟೋ ಸಲ ಊಟ ಬಿಡುವುದೇ ಆಗಿರುತ್ತದೆ. ಅದೇ ದಿನ ವೈದ್ಯರ ಬಳಿ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ.